ಸೋಲೇ ಇಲ್ಲದ ದಾಖಲೆ ಯಾಕೋ ನಂಗೆ ಹಿಡಿಸಲ್ಲ

ಬಾಕ್ಸಿಂಗ್ ನೋಡೋರಿಗೆಲ್ಲ ಒಂದು ಚಟ ಇರುತ್ತೆ, ದಾಖಲೆ ಓದೋ ಚಟ. ಯಾರ ಹೆಸರು ಕಿವಿಗೆ ಬಿದ್ರೂ ಎಷ್ಟು ಗೆದ್ದ, ಎಷ್ಟು ಸೋತ, ಎಷ್ಟು ನಾಕೌಟ್ ಅಂತ ಮೊದ್ಲು ಹುಡುಕಿ ನೋಡಿ, ಆಮೇಲೇನೇ ಆ ಮನುಷ್ಯ ಯಾರು, ಹೇಗೆ ಆಡ್ತಿದ್ದ ಅಂತ ವಿಚಾರ ಮಾಡೋದು. ನಂಗೂ ಈ ಚಟ ಇದೆ. ಹಂಗೇರಿಯ ಲಾಸ್ಲೋ ಪಾಪ್ ಹೆಸರು ಹುಡುಕಿದ್ರೆ ಸಿಗೋದು ಇದು: ಪ್ರೊಫೆಷನಲ್ ಫೈಟ್ 29, ಗೆಲುವು 27, ಡ್ರಾ 2, ಸೋಲು ಸೊನ್ನೆ. ಆ ಸೊನ್ನೆ ನೋಡಿದ್ ತಕ್ಷಣ ಅಭಿಮಾನಿಗಳು ಅಬ್ಬಾ ಅಂತಾರೆ. ಅದರ ಜೊತೆ ಒಂದು ಕಥೇನೂ ಹೇಳ್ತಾರೆ, ವರ್ಲ್ಡ್ ಟೈಟಲ್‌ಗೆ ಆಡೋಕೆ ಅವನ ಸರ್ಕಾರವೇ ಬಿಡ್ಲಿಲ್ಲ, ಬಿಟ್ಟಿದ್ರೆ ಗೆದ್ದೇ ಗೆಲ್ತಿದ್ದ ಅಂತ.

ಗೆಲ್ತಿದ್ನೋ ಇಲ್ವೋ ಯಾರಿಗ್ ಗೊತ್ತು. ನನ್ನ ತಕರಾರು ಆ ಸೊನ್ನೆ ಮೇಲೇನೇ. ಅದು ಅವನು ಕೊನೇವರೆಗೂ ಆಡಿ ಉಳಿಸ್ಕೊಂಡ ಸೊನ್ನೆ ಅಲ್ಲ, ಆಟ ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಉಳ್ಕೊಂಡ ಸೊನ್ನೆ. ಪಾಪ್ ಯಾರು ಅಂತ ನಿಜವಾಗ್ಲೂ ತಿಳಿಬೇಕಂದ್ರೆ ಅದಕ್ಕಿಂತ ಹಿಂದಿನ ಹತ್ತು ಹನ್ನೆರಡು ವರ್ಷ, ಅಂದ್ರೆ ದುಡ್ಡಿಗಲ್ಲದೆ ಆಡೋ ಅಮೆಚೂರ್ ಕಾಲ ನೋಡ್ಬೇಕು. ಅಲ್ಲಿ ಗೆಲುವು ಮುನ್ನೂರು ದಾಟುತ್ತೆ, ಸೋಲೂ ಇವೆ, ಸಾಮಾನ್ಯವಾಗಿ 12 ಅಂತ ಲೆಕ್ಕ ಕೊಡ್ತಾರೆ. ನಂಗೆ ಇಷ್ಟ ಆಗೋದು ಆ ಪಾಪ್.

ಹುಟ್ಟಿದ್ದು 1926ರ ಮಾರ್ಚ್ 25, ಬುಡಾಪೆಸ್ಟ್‌ನಲ್ಲಿ. ಈ ತಾರೀಖು ಹಿಡ್ಕೊಂಡು ಸ್ವಲ್ಪ ಲೆಕ್ಕ ಹಾಕಿ. 1944ರ ಚಳಿಗಾಲದಲ್ಲಿ ಸೋವಿಯತ್ ಸೈನ್ಯ ಬುಡಾಪೆಸ್ಟ್‌ಗೆ ಮುತ್ತಿಗೆ ಹಾಕ್ತು, 1945ರ ಫೆಬ್ರವರಿವರೆಗೂ ಬೀದಿ ಬೀದೀಲಿ ಯುದ್ಧ ನಡೀತು, ಡ್ಯಾನ್ಯೂಬ್ ನದಿ ಮೇಲಿದ್ದ ಸೇತುವೆಗಳನ್ನೆಲ್ಲ ಜರ್ಮನ್ನರು ಹಿಂದೆ ಸರಿಯುವಾಗ ಉಡಾಯಿಸಿಬಿಟ್ರು. ಅದೆಲ್ಲ ಮುಗಿದಾಗ ಈ ಹುಡುಗನಿಗೆ ಇನ್ನೂ ಹತ್ತೊಂಬತ್ತು ತುಂಬಿರ್ಲಿಲ್ಲ. ಆ ಪಾಳುಬಿದ್ದ ಊರಲ್ಲಿ ಮತ್ತೆ ರಿಂಗ್ ಕಟ್ಟಿ, ಹಗ್ಗ ಎಳೆದು, ಬಾಕ್ಸಿಂಗ್ ಶುರು ಮಾಡಿದವರ ಜೊತೆಗೆ ಬೆಳೆದವನು ಇವನು. ಮೂರೇ ವರ್ಷದಲ್ಲಿ, 1948ರಲ್ಲಿ, ಲಂಡನ್ ಒಲಿಂಪಿಕ್ಸ್‌ಗೆ ಹೋದ.

ಲಂಡನ್ ಕೂಡ ಆಗ ಅಷ್ಟೇನೂ ಚೆನ್ನಾಗಿರ್ಲಿಲ್ಲ, ರೇಷನ್ ಇನ್ನೂ ನಡೀತಿತ್ತು, ಹೊಸ ಸ್ಟೇಡಿಯಂ ಕಟ್ಟೋ ಮಾತೇ ಇಲ್ಲ, ಇದ್ದ ವೆಂಬ್ಲಿಯಲ್ಲೇ ಎಲ್ಲ ಸುಧಾರಿಸಿದ್ರು. ಪಾಪ್ ಆಡಿದ್ದು ಮಿಡಲ್‌ವೇಟ್‌ನಲ್ಲಿ, ಆಗಿನ ಮಿತಿ 73 ಕೆಜಿ. (ನಮ್ಮ ವಿಜೇಂದರ್ 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು ಗೆದ್ದಿದ್ದೂ ಮಿಡಲ್‌ವೇಟ್‌ನಲ್ಲೇ, ಅಷ್ಟೊತ್ತಿಗೆ ಮಿತಿ 75 ಆಗಿತ್ತು.) ಫೈನಲ್‌ನಲ್ಲಿ ಎದುರಾಳಿ ಬ್ರಿಟನ್ನಿನ ಜಾನ್ ರೈಟ್, ಜನ ಎಲ್ಲ ಅವನ ಕಡೆ, ಆದ್ರೂ ಪಾಪ್ ಅಂಕಗಳ ಮೇಲೆ ಗೆದ್ದ. ತಾರೀಖು ಆಗಸ್ಟ್ 13. ಅದರ ಹಿಂದಿನ ದಿನ ಅದೇ ವೆಂಬ್ಲಿಯಲ್ಲಿ ಏನ್ ನಡೀತು ಗೊತ್ತಲ್ವಾ? ಸ್ವತಂತ್ರ ಆಗಿ ಇನ್ನೂ ವರ್ಷ ತುಂಬದ ಭಾರತದ ಹಾಕಿ ಟೀಮ್ ಬ್ರಿಟನ್‌ನ 4-0 ಬಡಿದಿತ್ತು, ಅದರಲ್ಲಿ ಬಲ್ಬೀರ್ ಸಿಂಗ್ ಎರಡು ಗೋಲು.

ಬಲ್ಬೀರ್ ಹೆಸರು ಸುಮ್ನೆ ಎತ್ತಲಿಲ್ಲ. ಲಂಡನ್ 1948, ಹೆಲ್ಸಿಂಕಿ 1952, ಮೆಲ್ಬರ್ನ್ 1956, ಈ ಮೂರರಲ್ಲೂ ಬಲ್ಬೀರ್‌ಗೆ ಚಿನ್ನ. ಪಾಪ್‌ಗೂ ಅದೇ ಮೂರು ಊರಲ್ಲಿ ಮೂರು ಚಿನ್ನ. ಇಬ್ಬರೂ ಒಬ್ಬರನ್ನೊಬ್ಬರು ಭೇಟಿ ಆಗಿದ್ರೋ ಇಲ್ವೋ, ಒಂದೇ ಊಟದ ಹಾಲ್‌ನಲ್ಲಿ ಕ್ಯೂ ನಿಂತಿದ್ರೂ ನಿಂತಿರಬಹುದು. ನಂಗಂತೂ ಪಾಪ್ ಕಾಲಾನ ನೆನಪಿಟ್ಕೊಳ್ಳೋಕೆ ಇದಕ್ಕಿಂತ ಸುಲಭದ ದಾರಿ ಬೇರೆ ಸಿಕ್ಕಿಲ್ಲ.

ಇನ್ನು ಆಟದ ವಿಷಯಕ್ಕೆ ಬರ್ತೀನಿ. ಪಾಪ್ ಎಡಗೈ ಬಾಕ್ಸರ್, ಸೌತ್‌ಪಾ. ಎತ್ತರ ಸುಮಾರು 165 ಸೆಂಟಿಮೀಟರ್, ಮಿಡಲ್‌ವೇಟ್‌ಗೆ ಇದು ಗಿಡ್ಡ ಅಂದ್ರೆ ಗಿಡ್ಡ. ಎದುರಿಗೆ ನಿಂತವನ ಕೈ ಯಾವಾಗ್ಲೂ ಇವನಿಗಿಂತ ಉದ್ದ. ಅಂದ್ಮೇಲೆ ದೂರ ನಿಂತು ಆಡೋಕೆ ಆಗಲ್ಲ, ಒಳಗೆ ನುಗ್ಗಲೇಬೇಕು, ನುಗ್ಗುವಾಗ ಒಂದೆರಡು ಪೆಟ್ಟು ತಿನ್ನೋಕೂ ರೆಡಿ ಇರ್ಬೇಕು. ಹಳೇ ಕಪ್ಪು ಬಿಳುಪು ಕ್ಲಿಪ್‌ಗಳಲ್ಲಿ ನೋಡಿದ್ರೆ ಗಲ್ಲ ಎದೆಗೆ ಒತ್ತಿ, ಬಲ ಭುಜ ಮುಂದಿಟ್ಟು, ಸಣ್ಣ ಸಣ್ಣ ಹೆಜ್ಜೇಲಿ ಎದುರಾಳೀನ ಹಗ್ಗದ ಕಡೆಗೆ ತಳ್ಕೊಂಡು ಹೋಗ್ತಾನೆ, ಅವಸರ ಇಲ್ಲ, ಡ್ಯಾನ್ಸ್ ಗೀನ್ಸ್ ಏನೂ ಇಲ್ಲ, ಆಮೇಲೆ ಎಡಗೈ ಒಂದ್ಸಲ ಹೊಟ್ಟೆಗೆ ಬೀಳುತ್ತೆ, ಅದೇ ಕೈ ಮತ್ತೆ ದವಡೆಗೆ. ಬಾಗಿಲು ಮುಚ್ಚಿದ್ರೂ ಕಾಲು ತೂರಿಸಿ ಒಳಗೆ ಬರೋ ಸಾಲ ವಸೂಲಿಯವನ ಥರ. ಆಗ ಅಮೆಚೂರ್‌ಗಳಿಗೂ ಹೆಡ್‌ಗಾರ್ಡ್ ಇರ್ಲಿಲ್ಲ, ಒಲಿಂಪಿಕ್ಸ್‌ಗೆ ಅದು ಬಂದಿದ್ದು 1984ರಲ್ಲಿ. ಮೂರು ನಿಮಿಷದ ಮೂರು ರೌಂಡ್ ಅಷ್ಟೇ, ಶುರುವಲ್ಲಿ ಎಡವಿದ್ರೆ ಸರಿಮಾಡ್ಕೊಳ್ಳೋಕೆ ಟೈಮೇ ಇಲ್ಲ. ಒಳಗೆ ನುಗ್ಗಿ ನಿಧಾನಕ್ಕೆ ಕೆಡವೋ ಆಟಗಾರನಿಗೆ ಒಂಬತ್ತು ನಿಮಿಷ ಬಹಳ ಕಮ್ಮಿ. ಹಿಂಗಿದ್ದೂ ಅವನು ಅಷ್ಟು ಗೆದ್ದ ಅನ್ನೋದೇ ನಂಗೆ ಆಶ್ಚರ್ಯ.

ಕೋಚ್ ಝಿಗ್ಮೊಂಡ್ ಆಡ್ಲರ್. ಆ ಕಾಲದ ಹಂಗೇರಿ ಬಾಕ್ಸಿಂಗ್ ಅಂದ್ರೆ ಅರ್ಧ ಆಡ್ಲರ್, ಅರ್ಧ ಪಾಪ್.

1949ರಲ್ಲಿ ಓಸ್ಲೋದಲ್ಲಿ ಯುರೋಪಿಯನ್ ಚಾಂಪಿಯನ್, ಮಿಡಲ್‌ವೇಟ್. 1951ರಲ್ಲಿ ಮಿಲಾನ್‌ನಲ್ಲಿ ಮತ್ತೆ ಚಾಂಪಿಯನ್, ಈ ಸಲ ಹೊಸದಾಗಿ ಬಂದ ಲೈಟ್ ಮಿಡಲ್‌ವೇಟ್‌ನಲ್ಲಿ, ಮಿತಿ 71 ಕೆಜಿ. ಇದು ಅವನಿಗೆ ಹೇಳಿ ಮಾಡಿಸಿದ ತೂಕ. 1952ರ ಹೆಲ್ಸಿಂಕಿಯಲ್ಲಿ ಇದು ಮೊದಲ ಸಲ ಒಲಿಂಪಿಕ್ಸ್‌ಗೂ ಬಂತು, ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಥ್ಯೂನಿಸ್ ವಾನ್ ಸ್ಕಾಲ್ಕ್‌ವಿಕ್‌ನ ಸೋಲಿಸಿ ಎರಡನೇ ಚಿನ್ನ. ಆ ಒಲಿಂಪಿಕ್ಸ್‌ನಲ್ಲಿ ಹಂಗೇರಿ ಗೆದ್ದಿದ್ದು ಒಟ್ಟು 16 ಚಿನ್ನ, ಮೆಡಲ್ ಪಟ್ಟೀಲಿ ಅಮೆರಿಕ, ಸೋವಿಯತ್ ಬಿಟ್ರೆ ಇವರೇ. ಕೋಟಿಗೂ ಕಮ್ಮಿ ಜನ ಇರೋ ದೇಶ! ಪುಷ್ಕಾಶ್‌ನ ಫುಟ್‌ಬಾಲ್ ಟೀಮಿಗೂ ಅಲ್ಲೇ ಚಿನ್ನ.

ಇಲ್ಲೊಂದು ಮಾತು ಹೇಳ್ಲೇಬೇಕು. ಇವರನ್ನೆಲ್ಲ ಅಮೆಚೂರ್ ಅಂತ ಕರೀತಿದ್ರು, ಕಾಗದದ ಮೇಲೆ ಯಾವುದೋ ಫ್ಯಾಕ್ಟ್ರೀಲೋ, ರೈಲ್ವೇಲೋ, ಸೈನ್ಯದಲ್ಲೋ ಕೆಲಸ ಇರೋದು, ಆಟದಿಂದ ದುಡ್ಡಿಲ್ಲ ಅಂತ ಲೆಕ್ಕ. ನಿಜ ಅಂದ್ರೆ ದಿನವಿಡೀ ಪ್ರಾಕ್ಟೀಸ್, ಸಾಕೋದು ಕಮ್ಯುನಿಸ್ಟ್ ಸರ್ಕಾರ. ಪಶ್ಚಿಮದ ದೇಶಗಳು ಇದು ಮೋಸ ಅಂತ ಗೊಣಗ್ತಾನೇ ಇದ್ವು. ಗೊಣಗಿದ್ದು ತಪ್ಪಲ್ಲ. ಆದ್ರೆ ಇದರ ಇನ್ನೊಂದು ಮುಖ ಯಾರೂ ಅಷ್ಟಾಗಿ ಹೇಳಲ್ಲ, ಸಾಕಿದವನು ಹಗ್ಗಾನೂ ಕೈಯಲ್ಲೇ ಇಟ್ಕೊಂಡಿರ್ತಾನೆ. ಯಾವ ಊರಿಗೆ ಹೋಗ್ಬೇಕು, ಯಾರ ಜೊತೆ ಆಡ್ಬೇಕು, ಯಾವಾಗ ನಿಲ್ಲಿಸ್ಬೇಕು ಅನ್ನೋದೆಲ್ಲ ಎಲ್ಲೋ ಒಂದು ಆಫೀಸ್‌ನಲ್ಲಿ ತೀರ್ಮಾನ ಆಗೋದು. ಪಾಪ್ ವಿಷಯದಲ್ಲಿ ಮುಂದೆ ನಡೆದಿದ್ದಕ್ಕೆಲ್ಲ ಬೇರು ಇಲ್ಲೇ ಇದೆ.

ಈಗ 1956. ನಂಗೆ ಇಡೀ ಕೆರಿಯರ್‌ನಲ್ಲಿ ತುಂಬಾ ಕಾಡೋದು ಈ ವರ್ಷ.

ಅಕ್ಟೋಬರ್ 23ಕ್ಕೆ ಬುಡಾಪೆಸ್ಟ್‌ನಲ್ಲಿ ಸೋವಿಯತ್ ಹಿಡಿತದ ವಿರುದ್ಧ ದಂಗೆ ಎದ್ದಿತು, ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗೆ ಬಂದ್ರು, ಸ್ಟಾಲಿನ್ ಪ್ರತಿಮೆ ಕೆಡವಿದ್ರು, ಕೆಲವು ದಿನ ಗೆದ್ದೇಬಿಟ್ಟೆವು ಅನ್ನೋ ಹಾಗೂ ಇತ್ತು, ನವೆಂಬರ್ 4ಕ್ಕೆ ಸೋವಿಯತ್ ಟ್ಯಾಂಕ್‌ಗಳು ಊರೊಳಗೆ ನುಗ್ಗಿದ್ವು. ಮೆಲ್ಬರ್ನ್ ಒಲಿಂಪಿಕ್ಸ್ ಶುರು ಆಗಿದ್ದು ನವೆಂಬರ್ 22ಕ್ಕೆ. ಆಟಗಾರರು ಭೂಮಿಯ ಆ ಕಡೆ ಇದ್ದಾರೆ, ಮನೆಯವರು ಬದುಕಿದ್ದಾರೋ ಇಲ್ವೋ ಸರಿಯಾಗಿ ಸುದ್ದಿ ಇಲ್ಲ, ಅದೇ ಊರಲ್ಲಿ ಸೋವಿಯತ್ ಟೀಮೂ ಇದೆ. ಎಲ್ಲರಿಗೂ ನೆನಪಿರೋದು ಡಿಸೆಂಬರ್ 6ರ ವಾಟರ್ ಪೋಲೋ ಮ್ಯಾಚ್, ಹಂಗೇರಿ ಸೋವಿಯತ್‌ನ 4-0 ಸೋಲಿಸ್ತು, ಎರ್ವಿನ್ ಝಾದೊರ್ ಮುಖದಿಂದ ರಕ್ತ ಸುರೀತಾ ಕೊಳದಿಂದ ಮೇಲೆ ಬಂದ, ಆ ಫೋಟೋ ಪ್ರಪಂಚ ಎಲ್ಲ ಓಡಾಡ್ತು. ಪಾಪ್ ಫೈನಲ್ ನಡೆದಿದ್ದು ಅದಕ್ಕೂ ಐದು ದಿನ ಮುಂಚೆ, ಡಿಸೆಂಬರ್ 1ಕ್ಕೆ. ಅದರ ಫೋಟೋ ಅಷ್ಟು ಯಾರೂ ನೋಡಿಲ್ಲ.

ಅವನಿಗಾಗ ವಯಸ್ಸು ಮೂವತ್ತು. ಸೆಮಿಫೈನಲ್‌ನಲ್ಲಿ ಸಿಕ್ಕಿದ್ದು ಪೋಲೆಂಡ್‌ನ ಝ್ಬಿಗ್ನಿಯೆವ್ ಪಿಯೆತ್ಶಿಕೊವ್ಸ್ಕಿ, ಇಪ್ಪತ್ತೆರಡರ ಹುಡುಗ, ಪಾಪ್ ಥರಾನೇ ಎಡಗೈ, ಅವನಿಗಿಂತ ಎತ್ತರ, 1955ರಲ್ಲಿ ಬರ್ಲಿನ್‌ನಲ್ಲಿ ಇದೇ ತೂಕದ ಯುರೋಪಿಯನ್ ಚಾಂಪಿಯನ್ ಆದವನು. ಮೆಲ್ಬರ್ನ್‌ಗೂ ಮುಂಚೆ ಪಾಪ್‌ನ ರಿಂಗ್‌ನಲ್ಲಿ ಸೋಲಿಸಿದ್ದ ಕೂಡ. ನೋಡಿ, ಇದೇ ನಾನ್ ಹೇಳ್ತಿರೋದು, ಆ 12 ಸೋಲುಗಳಿಗೆ ಬೆಲೆ ಇದೆ. ಮೂವತ್ತು ದಾಟ್ತಾ ಇದ್ದೀಯ, ನಿನ್ನ ಆಟಾನೇ ಓದ್ಕೊಂಡು ಬಂದಿರೋ ಒಬ್ಬ ಹೊಸ ಹುಡುಗ ನಿನ್ನ ಕೆಡವಿದ್ದಾನೆ, ಇನ್ನು ಇವನ ಕಾಲ ಅಂತ ಜನ ಮಾತಾಡ್ಕೊಳ್ತಿದ್ದಾರೆ, ಅಂಥವನ ಎದುರಿಗೆ ಮತ್ತೆ ಹೋಗಿ ನಿಲ್ಲೋದಿದ್ಯಲ್ಲ, ಅದು ಸೋಲೇ ಕಾಣದವನಿಗೆ ಗೊತ್ತಾಗೋ ವಿಷಯ ಅಲ್ಲ. ಪಾಪ್ ನಿಂತ, ಗೆದ್ದ. ಪಿಯೆತ್ಶಿಕೊವ್ಸ್ಕಿ ಆಮೇಲೆ ಸುಮ್ನೆ ಕೂರ್ಲಿಲ್ಲ, ತೂಕ ಏರಿಸ್ಕೊಂಡು 1960ರಲ್ಲಿ ರೋಮ್‌ನಲ್ಲಿ ಲೈಟ್ ಹೆವಿವೇಟ್ ಫೈನಲ್‌ಗೆ ಹೋದ. ಅಲ್ಲಿ ಅವನನ್ನ ಸೋಲಿಸಿದ ಹದಿನೆಂಟರ ಅಮೆರಿಕನ್ ಹುಡುಗನ ಹೆಸರು ಕ್ಯಾಸಿಯಸ್ ಕ್ಲೇ, ಮುಂದೆ ಮೊಹಮ್ಮದ್ ಅಲಿ ಆದವನು.

ಮೆಲ್ಬರ್ನ್ ಫೈನಲ್‌ನಲ್ಲಿ ಎದುರಾಳಿ ಹೊಸೆ ಟೊರೆಸ್. ಪೋರ್ಟೊರಿಕೊ ಮೂಲ, ಅಮೆರಿಕನ್ ಸೈನ್ಯದಲ್ಲಿದ್ದ, ವಯಸ್ಸು ಇಪ್ಪತ್ತು. ಪಾಪ್‌ಗಿಂತ ಹತ್ತು ವರ್ಷ ಚಿಕ್ಕವನು, ಕೈ ಅಂದ್ರೆ ಮಿಂಚು. ಇದು ಸುಲಭದ ಫೈಟ್ ಅಲ್ವೇ ಅಲ್ಲ. ಪಾಪ್ ಅಂಕಗಳ ಮೇಲೆ ಗೆದ್ದ, ಮೂರನೇ ಚಿನ್ನ, ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಮೂರು ಚಿನ್ನ ಗೆದ್ದ ಮೊದಲ ಮನುಷ್ಯ. ಆಮೇಲೆ ಈ ಸಾಲಿಗೆ ಬಂದಿದ್ದು ಇಬ್ಬರೇ, ಕ್ಯೂಬಾದ ತಿಯೊಫಿಲೊ ಸ್ಟೀವನ್ಸನ್ ಮತ್ತೆ ಫೆಲಿಕ್ಸ್ ಸಾವೊನ್. ಟೊರೆಸ್ 1965ರಲ್ಲಿ ಲೈಟ್ ಹೆವಿವೇಟ್ ವರ್ಲ್ಡ್ ಚಾಂಪಿಯನ್ ಆದ. ಅಂದ್ರೆ ಮೆಲ್ಬರ್ನ್‌ನಲ್ಲಿ ಒಂದರ ಹಿಂದೆ ಒಂದು ಎರಡು ಫೈಟ್‌ನಲ್ಲಿ ಪಾಪ್ ಸೋಲಿಸಿದ್ದು ಮುಂದೆ ಕ್ಲೇ ಜೊತೆ ಒಲಿಂಪಿಕ್ ಫೈನಲ್ ಆಡೋ ಒಬ್ಬನನ್ನ, ವರ್ಲ್ಡ್ ಚಾಂಪಿಯನ್ ಆಗೋ ಇನ್ನೊಬ್ಬನನ್ನ. ವರ್ಲ್ಡ್ ಟೈಟಲ್ ತಪ್ಪಿತು ಅಂತ ಅಳೋರು ಇದನ್ನ ಯಾಕೆ ಲೆಕ್ಕಕ್ಕೆ ತಗೊಳ್ಳಲ್ವೋ ನಂಗ್ ಗೊತ್ತಿಲ್ಲ.

ಒಲಿಂಪಿಕ್ಸ್ ಮುಗಿದ್ಮೇಲೆ ಹತ್ತಾರು ಹಂಗೇರಿ ಆಟಗಾರರು ವಾಪಸ್ ಹೋಗ್ಲೇ ಇಲ್ಲ, ಅಲ್ಲಿಂದಲೇ ಪಶ್ಚಿಮಕ್ಕೆ. ಝಾದೊರ್ ಅಮೆರಿಕಕ್ಕೆ ಹೋದ. ಪುಷ್ಕಾಶ್ ಆಗ ಕ್ಲಬ್ ಜೊತೆ ವಿದೇಶದಲ್ಲಿದ್ದ, ಅವನೂ ಮರಳಲಿಲ್ಲ, ಆಮೇಲೆ ರಿಯಲ್ ಮ್ಯಾಡ್ರಿಡ್ ಕಥೆ ಎಲ್ಲರಿಗೂ ಗೊತ್ತು. ದೇಶದಿಂದ ಒಟ್ಟು ಸುಮಾರು ಎರಡು ಲಕ್ಷ ಜನ ಗಡಿ ದಾಟಿದ್ರು. ಪಾಪ್ ಮನೆಗೆ ವಾಪಸ್ ಬಂದ. ಯಾಕೆ ಬಂದ ಅನ್ನೋದಕ್ಕೆ ದೇಶಪ್ರೇಮ ಗೀಶಪ್ರೇಮ ಅಂತ ಬಣ್ಣ ಹಚ್ಚೋಕೆ ನಂಗಿಷ್ಟ ಇಲ್ಲ, ಮೂವತ್ತರ ಗಂಡಸಿಗೆ ತನ್ನೂರು, ತನ್ನೋರು, ತನ್ನ ಜಿಮ್ ಅಂತ ಇರುತ್ತೆ, ಅಷ್ಟು ಸಾಕು. ಓಡಿಹೋದೋರನ್ನ ಬೈಯೋ ಹಕ್ಕೂ ಯಾರಿಗೂ ಇಲ್ಲ.

ಆದ್ರೆ ಬಂದವನು ಸುಮ್ನೆ ಕೂರ್ಲಿಲ್ಲ, ಒಂದು ವಿಚಿತ್ರ ಅನುಮತಿ ಕೇಳ್ದ: ಪ್ರೊಫೆಷನಲ್ ಆಗ್ತೀನಿ. ದುಡ್ಡಿಗೆ ಗುದ್ದಾಡೋದು ಬಂಡವಾಳಶಾಹಿ ಚಾಳಿ ಅನ್ನೋ ದೇಶದಲ್ಲಿ ನಿಂತ್ಕೊಂಡು ಕೇಳಿದ್ದಿದು. ಅಚ್ಚರಿ ಅಂದ್ರೆ ಸರ್ಕಾರ ಹೂಂ ಅಂತು. 1957ರಲ್ಲಿ ಪಾಪ್ ಪ್ರೊ ಆದ, ಕಮ್ಯುನಿಸ್ಟ್ ಬಣದಿಂದ ಹೀಗೆ ಅನುಮತಿ ಸಿಕ್ಕ ಮೊದಲ ಬಾಕ್ಸರ್. ದೇಶದೊಳಗೆ ಪ್ರೊ ಬಾಕ್ಸಿಂಗ್ ಇಲ್ಲ, ಹಾಗಾಗಿ ತಯಾರಿ, ಫೈಟ್ ಎಲ್ಲ ಹೊರಗೆ, ಹೆಚ್ಚಾಗಿ ವಿಯೆನ್ನಾ. ಪ್ರತಿ ಸಲ ಗಡಿ ದಾಟೋಕೂ ಅನುಮತಿ ಬೇಕು.

ಪ್ರೊ ಕಾಲದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಎಲ್ಲ ಕಡೆ ಬರ್ದಿರ್ತಾರೆ. ಕೈ ಮೂಳೆ ಅವನಿಗೆ ಯಾವಾಗ್ಲೂ ಕಾಟ, ಜೋರಾಗಿ ಹೊಡೆಯೋರ ಹಣೆಬರಹ ಅದು, ಗಾಯ ಆಗಿ ತಿಂಗಳುಗಟ್ಲೆ ಕೂತಿದ್ದೂ ಇದೆ. 1962ರಲ್ಲಿ ವಿಯೆನ್ನಾದಲ್ಲಿ ಅಮೆರಿಕದ ಟೈಗರ್ ಜೋನ್ಸ್‌ನ ಸೋಲಿಸ್ದ, ಈ ಜೋನ್ಸ್ ಒಂದು ಕಾಲಕ್ಕೆ ಶುಗರ್ ರೇ ರಾಬಿನ್ಸನ್‌ನೇ ಸೋಲಿಸಿದ್ದವನು. ಅದೇ ವರ್ಷ ಮೇನಲ್ಲಿ ಡೆನ್ಮಾರ್ಕ್‌ನ ಕ್ರಿಸ್ ಕ್ರಿಸ್ಟೆನ್ಸನ್‌ನ ಸೋಲಿಸಿ ಯುರೋಪಿಯನ್ ಮಿಡಲ್‌ವೇಟ್ ಟೈಟಲ್, ಆಗ ವಯಸ್ಸು ಮೂವತ್ತಾರು. ಮುಂದೆ ಆರು ಸಲ ಅದನ್ನ ಉಳಿಸ್ಕೊಂಡ, ಪ್ಯಾರಿಸ್, ಮ್ಯಾಡ್ರಿಡ್, ಕೋಪನ್‌ಹೇಗನ್ ಅಂತ ಎದುರಾಳಿಯ ಊರಿಗೇ ಹೋಗಿ ಗೆದ್ದಿದ್ದೂ ಇದೆ. ಕೊನೇದು 1964ರ ಅಕ್ಟೋಬರ್, ವಿಯೆನ್ನಾ, ಮಿಕ್ ಲೇಹಿ ಮೇಲೆ ಅಂಕಗಳ ಗೆಲುವು.

ಆಗ ವರ್ಲ್ಡ್ ಚಾಂಪಿಯನ್ ಜೋಯಿ ಜಿಯಾರ್ಡೆಲ್ಲೊ. ಅವನ ಜೊತೆ ಟೈಟಲ್ ಫೈಟ್ ಆಡೋ ಅವಕಾಶ ಕಣ್ಣೆದುರಿಗೇ ಇತ್ತು. 1965ರಲ್ಲಿ ಬುಡಾಪೆಸ್ಟ್ ಆಫೀಸ್‌ನಿಂದ ಉತ್ತರ ಬಂತು, ಇನ್ನು ಹೋಗೋ ಹಾಗಿಲ್ಲ, ದುಡ್ಡಿಗೆ ಆಡೋದು ಸಮಾಜವಾದಕ್ಕೆ ಹೊಂದಲ್ಲ ಅಂತ. ಎಂಟು ವರ್ಷ ಹೊಂದಿದ್ದು ಒಂಬತ್ತನೇ ವರ್ಷ ಯಾಕೆ ಹೊಂದಲಿಲ್ಲ ಅಂತ ಕೇಳೋಕೆ ಅಲ್ಲಿ ಯಾರಿಗೂ ಅವಕಾಶ ಇರ್ಲಿಲ್ಲ. ಅಲ್ಲಿಗೆ ಕೆರಿಯರ್ ಮುಗೀತು. ಮೂವತ್ತೊಂಬತ್ತು ವಯಸ್ಸು.

ಇದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ 2015ರಲ್ಲಿ ವಿಜೇಂದರ್ ಪ್ರೊ ಆದಾಗ ದೇಶಕ್ಕೆ ಆಡೋದು ಬಿಟ್ಟು ದುಡ್ಡಿನ ಹಿಂದೆ ಹೋದ ಅಂತ ಒಂದಷ್ಟು ಜನ ಮುಖ ಸಿಂಡರಿಸಿದ್ರು, ಆದ್ರೆ ಯಾರೂ ಪಾಸ್‌ಪೋರ್ಟ್ ಕಿತ್ಕೊಳ್ಳಲಿಲ್ಲ. ಪಾಪ್‌ಗೆ ಅಷ್ಟೂ ಸಿಗ್ಲಿಲ್ಲ. ಆದ್ರೂ ನಂಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಬೆಲ್ಟ್ ಸಿಗ್ಲಿಲ್ಲ ಅಂತಲ್ಲ, ಸೋಲೋ ಅವಕಾಶಾನೂ ಸಿಗ್ಲಿಲ್ಲ ಅಂತ. ಮೂವತ್ತೊಂಬತ್ತರಲ್ಲಿ ಜಿಯಾರ್ಡೆಲ್ಲೊ ಜೊತೆ ಹದಿನೈದು ರೌಂಡ್ ಆಡಿದ್ರೆ ಪಾಪ್ ಸೋತಿರ್ತಿದ್ನೇನೋ, ಕೈ ಮುರ್ಕೊಂಡು ಕೂರ್ತಿದ್ನೇನೋ. ಸೋತಿದ್ರೂ ಅದು ಅವನ ಸೋಲು, ಅವನು ರಿಂಗ್‌ನಲ್ಲಿ ಸಂಪಾದಿಸಿದ್ದು. ಈಗ ಇರೋ ಸೊನ್ನೆ ಯಾವುದೋ ಗುಮಾಸ್ತನ ಕೈಬರಹ.

ಇನ್ನೊಂದು ವಿಷ್ಯ. ಮೂರು ಚಿನ್ನದ ಮೂವರಲ್ಲಿ ಸ್ಟೀವನ್ಸನ್ ಮತ್ತೆ ಸಾವೊನ್ ಪ್ರೊ ಆಗ್ಲೇ ಇಲ್ಲ, ದೊಡ್ಡ ದೊಡ್ಡ ಆಫರ್ ಬಂದ್ರೂ ಬೇಡ ಅಂದ್ರು, ಅದಕ್ಕೆ ಅವರನ್ನ ಆದರ್ಶ ಅಂತ ಹೊಗಳ್ತಾರೆ. ಪಾಪ್ ಮಾತ್ರ ಎರಡೂ ಕಡೆ ಕಾಲಿಟ್ಟ. ಆದರ್ಶದವರ ಪಟ್ಟಿಗೂ ಪೂರ್ತಿ ಸೇರಲ್ಲ, ವರ್ಲ್ಡ್ ಚಾಂಪಿಯನ್‌ಗಳ ಪಟ್ಟಿಗೂ ಸೇರಲ್ಲ. ಬಹುಶಃ ಅದಕ್ಕೇ ಹಂಗೇರಿ ಆಚೆ ಅವನ ಹೆಸರು ಕ್ಯೂಬನ್ನರಷ್ಟು ಜನಕ್ಕೆ ಗೊತ್ತಿಲ್ಲ. 2001ರಲ್ಲಿ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಸೇರಿಸ್ಕೊಂಡ್ರು, ತಡ ಆದ್ರೂ ಸರಿ.

ರಿಂಗ್ ಬಿಟ್ಟ ಮೇಲೆ 1971ರಿಂದ 1992ರವರೆಗೆ ಹಂಗೇರಿ ರಾಷ್ಟ್ರೀಯ ತಂಡದ ಕೋಚ್ ಆಗಿದ್ದ. ಶುರುವಲ್ಲೇ 1972ರ ಮ್ಯೂನಿಕ್‌ನಲ್ಲಿ ಲೈಟ್ ಫ್ಲೈವೇಟ್‌ನ ಗ್ಯೋರ್ಗಿ ಗೆದೊ ಚಿನ್ನ ತಂದ. ಕೊನೇ ವರ್ಷ, 1992ರ ಬಾರ್ಸಿಲೋನಾದಲ್ಲಿ, ಪಾಪ್‌ನ ಹಳೇ 71 ಕೆಜಿ ತೂಕದಲ್ಲೇ ಗ್ಯೋರ್ಗಿ ಮಿಝೆಯಿಗೆ ಕಂಚು. ಮಧ್ಯೆ 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೋವಿಯತ್ ಹಿಂದೆ ಹಂಗೇರೀನೂ ಬಹಿಷ್ಕಾರ ಹಾಕಿತ್ತು, ಆ ವರ್ಷದ ಹುಡುಗರಿಗೆ ಹೋಗೋಕೇ ಆಗ್ಲಿಲ್ಲ. ಅದನ್ನ ಆ ಹುಡುಗರಿಗೆ ವಿವರಿಸೋ ಕೆಲಸ ಕೋಚ್ ಮೇಲೆ ಬಿದ್ದಿರುತ್ತಲ್ವಾ. ಪಾಪ್‌ಗಿಂತ ಚೆನ್ನಾಗಿ ಅದು ಗೊತ್ತಿದ್ದೋರು ಯಾರಿದ್ರು. 2003ರ ಅಕ್ಟೋಬರ್‌ನಲ್ಲಿ ತೀರ್ಕೊಂಡ, ಬುಡಾಪೆಸ್ಟ್‌ನ ದೊಡ್ಡ ಸ್ಪೋರ್ಟ್ಸ್ ಅರೆನಾಗೆ ಈಗ ಅವನ ಹೆಸರು.

1997ರಲ್ಲಿ ವರ್ಲ್ಡ್ ಅಮೆಚೂರ್ ಚಾಂಪಿಯನ್‌ಶಿಪ್ ಬುಡಾಪೆಸ್ಟ್‌ನಲ್ಲೇ ನಡೀತು. ಮಿಡಲ್‌ವೇಟ್ ಫೈನಲ್‌ನಲ್ಲಿ ಒಂದು ಕಡೆ ಕ್ಯೂಬಾದ ಅರಿಯೆಲ್ ಹೆರ್ನಾಂಡೆಝ್, 1992 ಮತ್ತೆ 1996 ಎರಡೂ ಒಲಿಂಪಿಕ್ಸ್ ಚಿನ್ನ ಗೆದ್ದವನು. ಇನ್ನೊಂದು ಕಡೆ ಊರಿನ ಹುಡುಗ ಝೋಲ್ಟ್ ಎರ್ದೆಯಿ, ಹಿಂದಿನ ವರ್ಷ ಅಟ್ಲಾಂಟಾದಲ್ಲಿ ಮೊದಲ ಫೈಟ್‌ನಲ್ಲೇ ಸೋತು ಮನೆಗೆ ಬಂದವನು. ಎರ್ದೆಯಿ ಗೆದ್ದ. 2000ದಲ್ಲಿ ಸಿಡ್ನಿಯಲ್ಲಿ ಕಂಚು, ಆಮೇಲೆ ಪ್ರೊ, ಜರ್ಮನಿಗೆ ಹೋಗಿ ಅಲ್ಲಿಂದ ಆಡ್ದ, ಗಡಿ ದಾಟೋಕೆ ಯಾವ ಆಫೀಸ್ ಮುಂದೇನೂ ನಿಲ್ಲಬೇಕಾಗಿರ್ಲಿಲ್ಲ. 2004ರಲ್ಲಿ ಲೈಟ್ ಹೆವಿವೇಟ್ ವರ್ಲ್ಡ್ ಟೈಟಲ್ ಗೆದ್ದು ವರ್ಷಗಟ್ಲೆ ಉಳಿಸ್ಕೊಂಡ, 2009ರಲ್ಲಿ ಮೇಲಿನ ಕ್ರೂಸರ್‌ವೇಟ್‌ನಲ್ಲೂ ಟೈಟಲ್. ಅವನ ದಾಖಲೇಲೂ ಸೋಲಿನ ಜಾಗದಲ್ಲಿ ಬಹಳ ಕಾಲ ಸೊನ್ನೆ ಇತ್ತು. 2013ರಲ್ಲಿ ಮೊನಾಕೊದಲ್ಲಿ ಡೆನಿಸ್ ಗ್ರಾಚೆವ್ ಅನ್ನೋ ರಷ್ಯನ್‌ಗೆ ಸೋತ, ಅದೂ ಜಡ್ಜ್‌ಗಳಲ್ಲೇ ಒಮ್ಮತ ಇಲ್ಲದ ತೀರ್ಪು, ಎರ್ದೆಯಿಗಾಗ ಮೂವತ್ತೆಂಟು. ಪಾಪ್‌ನ ನಿಲ್ಲಿಸಿದ ವಯಸ್ಸೇ, ಹೆಚ್ಚು ಕಮ್ಮಿ. ಆ ಒಂದು ಸೋಲು ಇಲ್ದೇ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತ ಹಂಗೇರಿ ಅಭಿಮಾನಿಗಳಿಗೆ ಅನ್ಸಿರುತ್ತೆ, ನಂಗೆ ಮಾತ್ರ ಇಬ್ಬರ ದಾಖಲೆ ಪಕ್ಕಪಕ್ಕ ಇಟ್ಟು ನೋಡಿದಾಗೆಲ್ಲ ಹೊಟ್ಟೆಕಿಚ್ಚು ಆಗೋದು ಪಾಪ್ ಪರವಾಗಿ, ಎರ್ದೆಯಿಯ ಆ ಒಂದು ಸೋಲಿನ ಮೇಲೆ.